ಜಗಲಿಯ ಮೇಲಿನ ಎಡೆ

ಮರಳವಾಡಿ

ಪಕ್ಷದ ಹಬ್ಬಕ್ಕೆ ನಮ್ಮ ಮನೆಯಲ್ಲಿ ಹಿರಿಯರಿಗೆಲ್ಲ ನಡುಮನೆಯಲ್ಲಿ ಎಡೆ ಇಕ್ಕುತ್ತೇವೆ. ಬಾಳೆ ಎಲೆ ಹಾಸಿ, ಅವರವರು ಬದುಕಿದ್ದಾಗ ಏನನ್ನು ಇಷ್ಟಪಟ್ಟು ಉಣ್ಣುತ್ತಿದ್ದರೋ ಅದನ್ನೇ ಬಡಿಸಿ, ಬಾಗಿಲು ಎಳೆದುಕೊಂಡು, ಅವರು ಉಂಡು ಹೋಗಲಿ ಎಂದು ನಾವೆಲ್ಲ ಒಂದು ಗಳಿಗೆ ಹೊರಗೆ ಕೂರುತ್ತೇವೆ. ಹಾಗೆ ಕೂರುವಾಗ ಜಗಲಿಯ ಒಂದು ಮೂಲೆಯನ್ನು ಬಿಟ್ಟು ಕೂರಬೇಕು. ಅಲ್ಲಿ ಇನ್ನೊಂದು ಎಲೆ ಇರುತ್ತದೆ. ಮುದ್ದೆ, ಹುರುಳಿಕಾಳಿನ ಸಾರು, ಒಂದು ಚೂರು ಬೆಲ್ಲ. ಅದು ಚಿಕ್ಕತಾಯಮ್ಮನ ಎಲೆ.

ಚಿಕ್ಕತಾಯಮ್ಮ ನನ್ನ ಮುತ್ತಜ್ಜನ ತಂಗಿ. ಬ್ರಿಟಿಷರ ಕಾಲದಲ್ಲಿ ರಾಮನಗರದ ಬಂಡೆಗಳ ಕಡೆ ಬಂಗಲೆ ಮಾಡಿಕೊಂಡಿದ್ದ ಒಬ್ಬ ದೊರೆಯ ಮಗುವನ್ನು ನೋಡಿಕೊಳ್ಳಲು ಆಯಾ ಆಗಿ ಹೋದವಳು. ಇನ್ನೂ ಮದುವೆಯಾಗಿರಲಿಲ್ಲ. ದೊರೆ ಸಂಸಾರ ಸಮೇತ ತನ್ನ ಸೀಮೆಗೆ ಹೊರಟಾಗ ಆ ಮಗು ಇವಳ ಸೆರಗು ಬಿಡಲಿಲ್ಲವಂತೆ. ಹಡಗಿನಲ್ಲಿ ಮಗುವನ್ನು ನೋಡಿಕೊಂಡು ಬಾ, ತಿರುಗಾ ಕಳಿಸಿಕೊಡುತ್ತೇವೆ ಎಂದು ಕರೆದುಕೊಂಡು ಹೋದರು. ಕಳಿಸಲಿಲ್ಲ. ಎಷ್ಟೋ ವರ್ಷದ ಮೇಲೆ ಬೆಂಗಳೂರು ದಂಡಿನ ಇನ್ನೊಬ್ಬ ಆಯಾ ಸೀಮೆಯಿಂದ ವಾಪಸು ಬಂದು ಹೇಳಿದ್ದು ಇಷ್ಟೇ: ನಿಮ್ಮ ಹುಡುಗಿ ಇರುವ ಊರಿನಲ್ಲಿ ಮನೆಗಳೆಲ್ಲ ಕೆಂಪು ಕಲ್ಲಿನವು, ಬಾಗಿಲು ತೆಗೆದರೆ ಸಮುದ್ರ.

ಈ ಕಥೆಯನ್ನು ಜೋಪಾನ ಮಾಡಿಕೊಂಡು ಬಂದವರು ನನ್ನ ಸೋದರತ್ತೆ ಸಾಕಮ್ಮ. ಮದುವೆಯಾಗಿ ವರ್ಷ ತುಂಬುವ ಮೊದಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು. ಮಕ್ಕಳಿಲ್ಲ. ನಮ್ಮ ಮನೆಯ ಮಕ್ಕಳೆಲ್ಲ ಬೆಳೆದಿದ್ದು ಅವರ ಸೊಂಟದ ಮೇಲೆ. ಈಗ ತೊಂಬತ್ತರ ಹತ್ತಿರ ಇದ್ದಾರೆ, ಆದರೂ ಹಬ್ಬದಲ್ಲಿ ಎಲೆ ಹಾಸುವ ಕೆಲಸವನ್ನು ಬೇರೆಯವರ ಕೈಗೆ ಕೊಡುವುದಿಲ್ಲ.

ಒಂದು ಸಲ ನಾನು ಅಂದೆ, "ಅತ್ತೆ, ಅವಳು ಹೋಗಿ ನೂರು ವರ್ಷದ ಮೇಲಾಯ್ತು. ಸತ್ತೇ ಇರ್ತಾಳೆ. ಇನ್ನೂ ಯಾಕೆ ಹೊರಗಿಕ್ತೀಯಾ? ಒಳಗೇ ಇಕ್ಬುಡು."

"ಸತ್ತವ್ಳೆ ಅನ್ನೋದು ನಂಗೊತ್ತಿಲ್ವೇನ್ಲಾ? ಯಾರ ಮನೆಯೋಳಾಗಿ ಸತ್ಲು, ಅದ್ ಹೇಳು. ಗಂಡ ಮಕ್ಕಳು ಆಗಿ, ಅವ್ರು ಅಲ್ಲಿ ಎಡೆ ಇಕ್ತಿದ್ರೆ ಅವಳು ಅವ್ರೋಳು, ನಾವು ಇಕ್ಕಂಗೇ ಇಲ್ಲ. ದಿಕ್ಕಿಲ್ದೆ ಸತ್ತಿದ್ರೆ ನಮ್ಮೋಳು, ಒಳಗೆ ಬರ್ಬೇಕು. ಒಂದೂ ತಿಳೀದೆ ಹೆಂಗ್ಲಾ ಒಳಕ್ಕೆ ಕರಿಯೋದು?" ಅತ್ತೆ ಎಲೆಯ ತುದಿಯನ್ನು ಸರಿ ಮಾಡಿದರು. "ನಂದೂ ಹಂಗೇ ಆಯ್ತದೆ ಕಣ್ಲಾ ಮಾದೇವ. ಗಂಡನ ಮನೇಲಿ ಇಕ್ಕೋರಿಲ್ಲ, ಕೊಟ್ಟ ಹೆಣ್ಣು ಅಂತ ತವರ ಮನೇಲಿ ಒಳಗೆ ಇಕ್ಕಂಗಿಲ್ಲ. ಆ ಮೂಲೇಲಿ ಇನ್ನೊಂದು ಎಲೆಗೆ ಜಾಗ ಮಾಡ್ಕಳಿ."

ನಗುತ್ತಲೇ ಹೇಳಿದರು. ನಾನು ಮಾತ್ರ ಆ ವರ್ಷ ಹಬ್ಬದ ಊಟವನ್ನು ಎಲೆಯಲ್ಲೇ ಬಿಟ್ಟು ಎದ್ದೆ.

ನಂದು ಕನಕಪುರದ ಹತ್ತಿರ ಒಂದು ಸಣ್ಣ ಗ್ರಾನೈಟ್ ಪಾಲಿಶ್ ಯೂನಿಟ್. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಕ್ವಾರಿಯಲ್ಲಿ ಉಳಿ ಸುತ್ತಿಗೆ ಹಿಡಿದವನು ನಾನು. ಇವತ್ತು ಮೂರು ಮಿಷನ್ನು ಸ್ವಂತದ್ದು ಎಂದು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ನಮ್ಮ ಕಡೆಯ ಕರಿಕಲ್ಲು ಹೊರದೇಶಕ್ಕೆ ಹೋಗುತ್ತದೆ. ಬಿಳಿಯರು ಸಮಾಧಿಯ ತಲೆಕಡೆ ನಿಲ್ಲಿಸುವ ಕಲ್ಲಿಗೆ ಅದು ಬೇಕು. ಹಾಗೆ ಕಲ್ಲು ತರಿಸಿಕೊಳ್ಳುವವರಲ್ಲಿ ಒಬ್ಬ ಗ್ರೇಮ್. ಸ್ಕಾಟ್ಲೆಂಡಿನವನು. ಒಂದು ಸಲ ನಮ್ಮ ಯೂನಿಟ್ಟಿನ ಹುಣಸೆ ಮರದ ಕೆಳಗೆ ಟೀ ಕುಡಿಯುತ್ತಾ ತನ್ನ ಸೀಮೆಯ ಫೋಟೋ ತೋರಿಸಿದ. ಕೆಂಪು ಕಲ್ಲಿನ ಮನೆಗಳ ಸಾಲು, ಅದರ ಬುಡದಲ್ಲಿ ಸಮುದ್ರ. ಲೋಟ ಕೆಳಗಿಟ್ಟು ಅವನಿಗೆ ಚಿಕ್ಕತಾಯಮ್ಮನ ಕಥೆಯನ್ನೆಲ್ಲ ಹೇಳಿದೆ.

ಸತ್ತವರ ಹೆಸರು ಕೆತ್ತುವುದೇ ಕಸುಬಾದ್ದರಿಂದ ಗ್ರೇಮ್‌ಗೆ ವಂಶ ಹುಡುಕುವ ಹುಚ್ಚು. ನಾವು ಗಂಡು ಹೆಣ್ಣು ಹುಡುಕುವ ಹಾಗೆ ಅವರು ಅಜ್ಜ ಅಜ್ಜಿಯನ್ನು ಹುಡುಕುತ್ತಾರೆ. ವರ್ಷದ ಮೇಲೆ ಅವನು ಸುದ್ದಿ ಕಳಿಸಿದ: ಪೀಟರ್‌ಹೆಡ್ ಎಂಬ ಊರಿನಲ್ಲಿ ಇಂಡಿಯಾದಲ್ಲಿ ಹುಟ್ಟಿದ ಮೇರಿ ಎಂಬ ಹೆಂಗಸು ಕಲ್ಲು ಒಡೆಯುವವನೊಬ್ಬನನ್ನು ಮದುವೆಯಾಗಿದ್ದಳು. ಅವಳ ಮೊಮ್ಮಗಳು ಬದುಕಿದ್ದಾಳೆ. ಜೊತೆಗೆ ಒಂದು ಹಳೇ ಫೋಟೋ. ಶಾಲು ಹೊದ್ದು, ತಲೆಗೆ ಬಟ್ಟೆ ಕಟ್ಟಿದ ಒಬ್ಬ ಕಪ್ಪನೆಯ ಹೆಂಗಸು.

ಅತ್ತೆ ಫೋನನ್ನು ಮೂಗಿನ ಹತ್ತಿರ ಹಿಡಿದು ನೋಡಿದರು. "ಮೂಗು ನಮ್ದೇ. ಆದ್ರೆ ಮೂಗು ಸಾಕ್ಷಿ ಹೇಳ್ತದಾ? ಹೋಗಿ ನೋಡ್ಕಂಡ್ ಬಾ."

"ಫೋನಲ್ಲೇ ಕೇಳ್ಬೌದು ಅತ್ತೆ, ಮುಖ ಕಾಣ್ತದೆ."

"ಸತ್ತೋರ ಮನೆಗೆ ಫೋನ್ ಮಾಡಿ ಮಾತಾಡ್ಸ್ತಾರೇನ್ಲಾ? ಬಾಗ್ಲಿಗೆ ಹೋಗ್ಬೇಕು."

ಊರಿನ ಹೋಟೆಲಲ್ಲಿ ನನ್ನ ಗೆಳೆಯ, ಲಾರಿ ಇಟ್ಟಿರುವ ಬೋರ, ಇಡ್ಲಿ ಬಾಯಲ್ಲಿಟ್ಟುಕೊಂಡೇ ನಕ್ಕ. "ಏನ್ಲಾ ಮಾದೇವ, ಬದುಕಿರೋ ನೆಂಟರ ಮನೆ ಗೃಹಪ್ರವೇಶಕ್ಕೆ ಬರಾಕೆ ನಿಂಗೆ ಪುರುಸೊತ್ತಿಲ್ಲ. ಸತ್ತೋರ ನೋಡಕ್ಕೆ ಇಮಾನ ಹತ್ತೀಯಾ?"

"ಅತ್ತೆ ಅಂದವ್ಳೆ ಕಣ್ಲಾ."

"ಹಂಗಾದ್ರೆ ಹೋಗ್ಬುಟ್ ಬಾ. ಅಲ್ಲಿ ಒಸಿ ಮೀನು ತಿಂದು ಮೈ ಬೆಳ್ಸ್ಕಂಡ್ ಬಾ, ಇಲ್ಲಿ ನಿಮ್ಮನೇಲಿ ಮೊಟ್ಟೆ ಹೆಸ್ರೆತ್ತಿದ್ರೂ ಗೋಮೂತ್ರ ಹಾಕ್ತಾರೆ."

ಅವನು ಹೇಳಿದ್ದು ಒಸಿ ಜಾಸ್ತಿಯಾದರೂ ಸುಳ್ಳಲ್ಲ. ನಮ್ಮದು ಶಿವನ ಒಕ್ಕಲು. ಮಾಂಸ ಮೀನು ಹೊಸಿಲು ದಾಟಿ ಬರುವುದಿಲ್ಲ.

ಲಂಡನ್ನಿನ ಕೌಂಟರು

ನನ್ನ ಹೆಂಡತಿ ಗೌರಿ ತಿಪ್ಪಸಂದ್ರದವಳು. ಎಲ್ಲಿಗೆ ಹೊರಟರೂ ಅನ್ನಕ್ಕೆ ಗತಿಯಿರುವುದಿಲ್ಲ ಎಂದೇ ಅವಳ ನಂಬಿಕೆ. ನನ್ನ ಚೀಲದಲ್ಲಿ ತವರಿನ ರಾಗಿ ಹಿಟ್ಟನ್ನು ಎರಡು ಕವರಿನಲ್ಲಿ ಕಟ್ಟಿ ತುಂಬಿದ್ದಳು. ಲಂಡನ್ನಿನಲ್ಲಿ ಇಳಿದಾಗ ಒಬ್ಬ ಅಧಿಕಾರಿ ಚೀಲ ಬಿಚ್ಚಿಸಿ ಆ ಕಂದು ಹಿಟ್ಟನ್ನು ಬೆಳಕಿಗೆ ಹಿಡಿದ.

ನನ್ನ ಇಂಗ್ಲಿಷು ಕಲ್ಲಿನ ಇಂಗ್ಲಿಷು. ಸೈಜು, ಪಾಲಿಶು, ಎಡ್ಜು, ಲೋಡು. ಅದರಲ್ಲೇ ಧೈರ್ಯವಾಗಿ ಹೇಳಿದೆ, "ಫುಡ್ ಸಾರ್. ಮೇಕ್ ಬಾಲ್. ನೋ ಚ್ಯೂ. ಓನ್ಲಿ ಸ್ವಾಲೋ."

ಪುಡಿಯನ್ನು ಉಂಡೆ ಕಟ್ಟಿ ನುಂಗುತ್ತೇನೆ ಎಂದು ವಿಮಾನ ನಿಲ್ದಾಣದಲ್ಲಿ ಹೇಳಬಾರದು ಎಂಬುದು ನನಗೆ ಆಮೇಲೆ ಹೊಳೆಯಿತು. ಇಬ್ಬರು ಬಂದರು, ನಾಯಿಯೂ ಬಂತು. ನಾಯಿ ಮೂಸಿ, ಬೇಜಾರಾಗಿ, ಬೇರೆ ಕಡೆ ಮುಖ ಮಾಡಿತು. ಆದರೆ ಒಂದು ಮಾತು ಹೇಳಲೇಬೇಕು. ಅಷ್ಟೆಲ್ಲ ಆದ ಮೇಲೆ ಆ ಅಧಿಕಾರಿ ತಾನು ಬಿಚ್ಚಿದ ಕವರನ್ನು ತಾನೇ ಮಡಿಸಿ, ಟೇಪು ಅಂಟಿಸಿ, ಚೆಲ್ಲಿದ್ದ ಚೂರು ಹಿಟ್ಟನ್ನು ಒರೆಸಿ, ತಡವಾಗಿದ್ದಕ್ಕೆ ಕ್ಷಮೆ ಕೇಳಿ ಕಳಿಸಿದ. ನಮ್ಮಲ್ಲಿ ಆರ್‌ಟಿಒ ಚೆಕ್‌ಪೋಸ್ಟಿನವರು ಲಾರಿಯ ಟಾರ್ಪಾಲು ಬಿಚ್ಚಿಸಿದರೆ ಕಟ್ಟುವವರು ನಾವೇ.

ಅಬರ್ಡೀನ್

ಗ್ರೇಮ್ ಸ್ಟೇಷನ್ನಿಗೆ ಬಂದಿದ್ದ. ಅವನ ಅಂಗಡಿ ಅಬರ್ಡೀನ್ ಊರಿನಲ್ಲಿ. ಆ ಊರನ್ನು ನೋಡಿ ನಾನು ರಸ್ತೆಯ ಮಧ್ಯೆ ನಿಂತುಬಿಟ್ಟೆ, ಹಿಂದಿನಿಂದ ಬಸ್ಸಿನವನು ಹಾರನ್ ಕೂಡ ಮಾಡದೆ ಕಾಯುತ್ತಿದ್ದ.

ಊರಿಗೆ ಊರೇ ಗ್ರಾನೈಟು. ಮನೆ, ಬ್ಯಾಂಕು, ಚರ್ಚು, ಫುಟ್‌ಪಾತು. ಮಳೆ ನಿಂತು ಬಿಸಿಲು ಬಿದ್ದರೆ ಗೋಡೆಗೋಡೆಯೂ ಅಭ್ರಕದ ಹಾಗೆ ಮಿನುಗುತ್ತದೆ. ನಾನು ಗೋಡೆಗಳ ಸಂದಿಗೆ ಉಗುರು ಹಾಕಿ ನೋಡಿದೆ, ಉಗುರು ಹೋಗಲಿಲ್ಲ. ಕೈಯಲ್ಲಿ ಉಳಿ ಹಿಡಿದು ಕೆತ್ತಿದ ಕಾಲದ್ದು ಅದು. ಆ ಕೆಲಸಗಾರರಿಗೆ ಎಲ್ಲಿಂದ ಕೈ ಮುಗಿಯುವುದು ಎಂದು ಗೊತ್ತಾಗದೆ ಒಂದು ಮೂಲೆಗಲ್ಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೆ. ದಾರಿಯಲ್ಲಿ ಹೋಗುತ್ತಿದ್ದ ಒಬ್ಬ ಮುದುಕಿ ಅದು ದೇವಸ್ಥಾನವೇ ಇರಬೇಕು ಎಂದುಕೊಂಡಳೋ ಏನೋ, ನಿಂತು ಗೋಡೆಯನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿ ಹೋದಳು. ಅದು ಔಷಧಿ ಅಂಗಡಿ.

ನಮ್ಮ ಕಡೆಯೂ ಕಲ್ಲಿಗೆ ಬರವಿಲ್ಲ. ರಾಮನಗರದಲ್ಲಿ ರೈಲು ಇಳಿದರೆ ಬಂಡೆಗಳೇ ಬಂದು ಎದುರುಗೊಳ್ಳುತ್ತವೆ. ಆದರೆ ನಾವು ಒಳ್ಳೇ ಕಲ್ಲನ್ನೆಲ್ಲ ಲಾರಿಗೆ ಹಾಕಿ ಕಳಿಸಿ, ನಮ್ಮ ಮನೆಗೆ ಗುಜರಾತಿನ ಟೈಲ್ಸು ಹಾಕಿಸುತ್ತೇವೆ. ನಾನೂ ಹಾಕಿಸಿದ್ದೇನೆ, ಜಾರಿಯೂ ಬಿದ್ದಿದ್ದೇನೆ.

ಅಲ್ಲಿನ ಜನ ಬಸ್ಸಿಳಿಯುವಾಗ ಡ್ರೈವರಿಗೆ ಥ್ಯಾಂಕ್ಸ್ ಹೇಳುತ್ತಾರೆ. ಒಬ್ಬರೂ ಬಿಡುವುದಿಲ್ಲ. ಹರಕು ಕೋಟಿನವನೂ ಹೇಳುತ್ತಾನೆ, ಟೈ ಕಟ್ಟಿದವನೂ ಹೇಳುತ್ತಾನೆ. ಎರಡನೇ ದಿನಕ್ಕೆ ನಾನೂ ಶುರು ಮಾಡಿದೆ. ಈ ಅಭ್ಯಾಸ ಊರಿಗೂ ಬಂತು, ಹಾರೋಹಳ್ಳಿಯಲ್ಲಿ ಬಸ್ಸಿಳಿಯುವಾಗ ಥ್ಯಾಂಕ್ಸ್ ಅಂದದ್ದಕ್ಕೆ ಡ್ರೈವರು, "ಯಾಕ್ ಸಾಮಿ, ಚಿಲ್ರೆ ಬರ್ಬೇಕಿತ್ತಾ? ಕಂಡಕ್ಟ್ರು ಹಿಂದವ್ನೆ" ಅಂದ.

ನನ್ನಿಂದ ಆದ ಎಡವಟ್ಟು ಶೂ ವಿಚಾರದ್ದು. ಗ್ರೇಮ್‌ನ ಅಂಗಡಿ ಒಳಗೆ ಸಾಲಾಗಿ ಸಮಾಧಿ ಕಲ್ಲು ನಿಲ್ಲಿಸಿದ್ದರು. ಹೆಸರು ಬರೆದ ಕಲ್ಲು ಎಂದರೆ ನನಗೆ ಆ ಮನುಷ್ಯನೇ ನಿಂತ ಹಾಗೆ. ಶೂ ಬಾಗಿಲಲ್ಲೇ ಬಿಟ್ಟು ಒಳಗೆ ಹೋದೆ. ಕಾಲುಚೀಲದಲ್ಲಿ ಹೆಬ್ಬೆರಳು ಹೊರಗೆ ಬಂದಿತ್ತು. ಗ್ರೇಮ್ ನೋಡಿದ. ಸ್ವಲ್ಪ ಹೊತ್ತಿಗೆ ಅವನೂ ಶೂ ಬಿಚ್ಚಿಟ್ಟು ಬಂದ. ಅಂಗಡಿಗೆ ಬಂದ ಒಬ್ಬ ಗಿರಾಕಿ, ತಂದೆಯ ಸಮಾಧಿಗೆ ಕಲ್ಲು ಮಾಡಿಸಲು ಬಂದಿದ್ದವನು, ನಮ್ಮಿಬ್ಬರ ಕಾಲು ನೋಡಿ ತಾನೂ ಬಿಚ್ಚಿದ. ಆ ಚಳಿಯಲ್ಲಿ ಮೂವರೂ ಕಾಲುಚೀಲದಲ್ಲಿ ನಿಂತು ಕಲ್ಲಿನ ಮಾತಾಡಿದೆವು. ಹೊಸಬನ ನಡವಳಿಕೆಗೆ ನಗದೆ ತಾವೂ ಹಾಗೇ ಮಾಡಿದರಲ್ಲ, ಅದು ದೊಡ್ಡ ಗುಣ.

ಪೀಟರ್‌ಹೆಡ್

ಅಲ್ಲಿಂದ ಉತ್ತರಕ್ಕೆ ಕಾರಿನಲ್ಲಿ ಹೋದೆವು. ಊರು ಹತ್ತಿರ ಬಂದಂತೆ ಕಲ್ಲಿನ ಬಣ್ಣ ತಿರುಗಿತು. ಬೂದಿ ಬಣ್ಣ ಹೋಗಿ, ಬೇಯಿಸಿದ ಗೆಣಸಿನ ಸಿಪ್ಪೆಯ ಕೆಂಪು. ಬೀದಿ ಮುಗಿದಲ್ಲಿ ಸಮುದ್ರ. ಆ ಹಳೇ ಆಯಾ ಹೇಳಿದ ಎರಡೇ ಮಾತು ನೂರು ವರ್ಷ ನಮ್ಮ ಜಗಲಿಯ ಮೇಲೆ ಕೂತಿದ್ದು, ಈಗ ಕಣ್ಣ ಮುಂದೆ ಎದ್ದು ನಿಂತಿತು. ಆದರೂ ಮನಸ್ಸು ಗಟ್ಟಿ ಮಾಡಿಕೊಂಡೆ. ಇಂಡಿಯಾದಿಂದ ಎಷ್ಟೋ ಆಯಾಗಳು ಹೋಗಿದ್ದರಂತೆ. ಈ ಮೇರಿ ಮದ್ರಾಸಿನವಳಿರಬಹುದು, ಕಲ್ಕತ್ತೆಯವಳಿರಬಹುದು. ಸುಳ್ಳು ಅಜ್ಜಿಯನ್ನು ಅತ್ತೆಗೆ ಒಪ್ಪಿಸಲು ನಾನು ಇಷ್ಟು ದೂರ ಬಂದಿರಲಿಲ್ಲ.

ಮೊಮ್ಮಗಳ ಹೆಸರು ಇಸಬೆಲ್. ಎಪ್ಪತ್ತೈದು ದಾಟಿದ ಹೆಂಗಸು, ಮೀನಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತಿಯಾದವರು. ಬೆಳ್ಳಗಿನ ಮುಖ, ಅದರ ನಡುವೆ ನಮ್ಮ ಸಾಕಮ್ಮತ್ತೆಯ ಮೂಗು ತಂದಿಟ್ಟ ಹಾಗೆ. ನಾನು ಬಾಗಿಲಲ್ಲೇ ಲೆಕ್ಕ ಹಾಕಿದೆ. ಮೇರಿ ನಮ್ಮ ಚಿಕ್ಕತಾಯಮ್ಮನೇ ಆದರೆ, ನಮ್ಮ ಅಜ್ಜನ ಸೋದರತ್ತೆಯ ಮಗಳು ಇವರ ತಾಯಿ. ಹಾಗಾದರೆ ಇವರು ನಮ್ಮಪ್ಪನಿಗೆ ವರಸೆಯಲ್ಲಿ ತಂಗಿ, ನನಗೆ ಅತ್ತೆ. ಹೆಸರು ಹಿಡಿದು ಕರಿ ಎಂದು ಅವರು ಎಷ್ಟು ಹೇಳಿದರೂ ನನ್ನ ನಾಲಿಗೆ ಏಳಲಿಲ್ಲ. ಚನ್ನಪಟ್ಟಣದ ಅರಗಿನ ಬಣ್ಣದ ಮರದ ಗೊಂಬೆ ತಂದಿದ್ದೆ, ಕೈಗಿಟ್ಟು ಕಾಲಿಗೆ ಬಿದ್ದೆ. ಏನೋ ಬಿದ್ದುಹೋಯಿತು, ಹುಡುಕುತ್ತಿದ್ದಾನೆ ಎಂದುಕೊಂಡು ಅವರೂ ಬಗ್ಗಿ ನೆಲ ನೋಡಿದರು.

ಮಾತುಕತೆಗೆ ನನ್ನ ಫೋನು. ಕನ್ನಡದಲ್ಲಿ ಹೇಳಿದರೆ ಇಂಗ್ಲಿಷಿನಲ್ಲಿ ಹೇಳುತ್ತದೆ. ನಮ್ಮ ಮರಳವಾಡಿ ಮಾತು ಅದಕ್ಕೆ ತಿಳಿಯದು; ಶಾಲೆ ಬಿಟ್ಟ ಮೇಲೆ ಮೊದಲ ಸಲ ಪುಸ್ತಕದ ಕನ್ನಡ ಆಡಿದೆ. ಇಸಬೆಲ್ ಅವರ ಇಂಗ್ಲಿಷೂ ಅದಕ್ಕೆ ಅರ್ಧಂಬರ್ಧ. ಗ್ರೇಮ್ ಅವರ ಮಾತನ್ನು ಬಿಡಿಸಿ ಫೋನಿಗೆ ಹೇಳುತ್ತಿದ್ದ, ಫೋನು ನನಗೆ ಹೇಳುತ್ತಿತ್ತು.

"ನಿಮ್ಮ ಅಜ್ಜಿ ತಮ್ಮ ಊರಿನ ಹೆಸರು ಹೇಳಿದ್ದರೇ?" ಎಂದು ಕೇಳಿದೆ.

"ಹೇಳುತ್ತಿದ್ದಳು. ನಮ್ಮ ಬಾಯಲ್ಲಿ ತಿರುಗುತ್ತಿರಲಿಲ್ಲ, ನಾವು ನಗುತ್ತಿದ್ದೆವು. ಆಮೇಲೆ ಹೇಳುವುದನ್ನೇ ಬಿಟ್ಟಳು" ಅಂದರು. "ಮೇಜಿನಲ್ಲಿ ಕೂತು ಉಂಡವಳೇ ಅಲ್ಲ. ಎಂಥಾ ಗಾಳಿಯಿದ್ದರೂ ತಟ್ಟೆ ಹಿಡಿದುಕೊಂಡು ಬಾಗಿಲ ಮೆಟ್ಟಿಲ ಮೇಲೆ ಕೂರುತ್ತಿದ್ದಳು. ಇರಿ, ನಿಮಗಾಗಿ ಅವಳ ಅಡುಗೆಯನ್ನೇ ಮಾಡಿದ್ದೇನೆ."

ಒಳಗಿನಿಂದ ತಟ್ಟೆ ಬಂತು. ತಟ್ಟೆಯ ಮೇಲೆ ಬೂದು ಬಣ್ಣದ ಒಂದು ಉಂಡೆ. ಪಕ್ಕದ ಬಟ್ಟಲಲ್ಲಿ ಬಿಸಿ ಸಾರು.

ಅದು ಓಟ್ಸು. ಅಲ್ಲಿನವರು ಅದನ್ನು ಗಂಜಿಯ ಹಾಗೆ ತೆಳ್ಳಗೆ ಕಾಯಿಸಿ ಚಮಚದಲ್ಲಿ ಕುಡಿಯುತ್ತಾರೆ. ಇವರ ಅಜ್ಜಿ ಮಾತ್ರ ಹಾಗಲ್ಲವಂತೆ. ಗಂಡನ ಮುರಿದ ಗುದ್ದಲಿಯ ಕಾವನ್ನು ಕೆತ್ತಿ ನಯ ಮಾಡಿ ಇಟ್ಟುಕೊಂಡಿದ್ದಳು. ನೆಲದ ಮೇಲೆ ಕೂತು, ಬಿಸಿ ಪಾತ್ರೆಯನ್ನು ಎರಡು ಪಾದಗಳ ನಡುವೆ ಬಟ್ಟೆ ಕೊಟ್ಟು ಹಿಡಿದು, ಆ ಕೋಲಿನಿಂದ ಗಂಟಿಲ್ಲದ ಹಾಗೆ ತಿರುವುತ್ತಿದ್ದಳು. ಅಕ್ಕಪಕ್ಕದವರು ಜಗಳವಾಗುತ್ತಿದೆ ಎಂದುಕೊಳ್ಳುವಷ್ಟು ಸದ್ದು. ಆಮೇಲೆ ಕೈ ಒದ್ದೆ ಮಾಡಿಕೊಂಡು ಉಂಡೆ ಕಟ್ಟುತ್ತಿದ್ದಳು.

"ತಿನ್ನುವುದು ಹೇಗೆ ಅಂತ ಹೊಡೆದು ಕಲಿಸಿದ್ದಾಳೆ" ಎಂದು ನಗುತ್ತಾ ಇಸಬೆಲ್ ತೋರಿಸಿದರು. ಒಂದು ತುತ್ತು ಮುರಿದರು. ಹೆಬ್ಬೆರಳಿಂದ ಅದರಲ್ಲಿ ಗುಳಿ ಮಾಡಿದರು. ಸಾರಿನಲ್ಲಿ ಹೊರಳಿಸಿ, ಬಾಯಿಗೆ ಹಾಕಿ, ಅಗಿಯದೆ, ಕತ್ತು ಒಂದಿಷ್ಟು ಮುಂದೆ ಚಾಚಿ ಗುಳಕ್ಕನೆ ನುಂಗಿದರು.

ನನಗೆ ಫೋನು ಬೇಕಾಗಲಿಲ್ಲ. ಯಾವ ಮದ್ರಾಸಿನವಳೂ ಯಾವ ಕಲ್ಕತ್ತೆಯವಳೂ ಮೊಮ್ಮಗಳಿಗೆ ಇದನ್ನು ಕಲಿಸುವುದಿಲ್ಲ. ನಾನು ಅಳುವುದು ನೋಡಿ ಗ್ರೇಮ್ ಎದ್ದುಹೋಗಿ ಕಿಟಕಿಯ ಬಳಿ ನಿಂತ. ಇಸಬೆಲ್ ಮಾತ್ರ, ಆರಿಹೋಗುತ್ತೆ ತಿನ್ನು ಎಂದು ತಟ್ಟೆಯನ್ನು ನನ್ನ ಕಡೆ ತಳ್ಳಿದರು. ಥೇಟ್ ನಮ್ಮತ್ತೆಯೇ.

ತುತ್ತು ಮುರಿದು ಬಟ್ಟಲಿಗೆ ಕೈ ಹಾಕುವಾಗ ವಾಸನೆ ಬಡಿಯಿತು. ಸಾರು ಮೀನಿನದು. ಕೈ ಹಿಂದಕ್ಕೆ ಬಂತು. ನಾವು ಇದನ್ನು ತಿನ್ನುವುದಿಲ್ಲ, ಮನೆಗೇ ತರುವುದಿಲ್ಲ ಎಂದು ಪುಸ್ತಕದ ಕನ್ನಡದಲ್ಲಿ ಆದಷ್ಟು ವಿನಯವಾಗಿ ಹೇಳಿದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಬಟ್ಟಲು ತೆಗೆದು ಬೆಣ್ಣೆ ಹಾಲು ಇಟ್ಟರು. ಆಮೇಲೆ ಎದುರಿಗೆ ಕೂತು ಹೇಳಿದರು.

"ಮೊದಮೊದಲು ಅಜ್ಜಿಯೂ ತಿನ್ನುತ್ತಿರಲಿ‌ಲ್ಲವಂತೆ. ಮಗು ಶಾಲೆಗೆ ಸೇರಿದ ಮೇಲೆ ಆ ಮನೆಯವರು ಇವಳನ್ನು ಬಿಡಿಸಿಬಿಟ್ಟರು. ಊರಿಗೆ ಹೋಗುವ ದಾರಿಯಿಲ್ಲ. ಹೆಂಗಸರ ಜೊತೆ ಬಂದರಿನಲ್ಲಿ ಮೀನು ಸೀಳುವ ಕೂಲಿಗೆ ನಿಂತಳು. ಇಡೀ ದಿನ ಮೀನು ಮುಟ್ಟುತ್ತಿದ್ದಳು, ಬಾಯಿಗೆ ಹಾಕುತ್ತಿರಲಿಲ್ಲ. ಬ್ರೆಡ್ಡು, ಟೀ. ಆ ಚಳಿಗಾಲ ಹಾಸಿಗೆ ಹಿಡಿದಳು. ಜೊತೆಯ ಹೆಂಗಸರು ಸರದಿಯ ಮೇಲೆ ಬಂದು ಮೀನಿನ ಸಾರು ಕುಡಿಸಿ ಎಬ್ಬಿಸಿದರು. ಆಮೇಲೆ ಸಾಯುವ ತನಕ ಅದಿಲ್ಲದೆ ಊಟ ಇಲ್ಲ. ಆ ಸಾರು ಇಲ್ಲದಿದ್ದರೆ ನಾನೂ ಇಲ್ಲ."

ಭಾಷೆ ಬರದ ಊರಿನಲ್ಲಿ, ಮೊಣಕೈವರೆಗೆ ಉಪ್ಪುನೀರಿನಲ್ಲಿ ನಿಂತು ದುಡಿದು ಒಂದು ಮನೆ ಕಟ್ಟಿದ ಹೆಣ್ಣು. ನಾನು ಕಷ್ಟಪಟ್ಟು ಮೇಲೆ ಬಂದವನು ಎಂದು ಹತ್ತು ಜನರ ಮುಂದೆ ಹೇಳಿಕೊಳ್ಳುತ್ತೇನೆ. ಅವಳ ಮುಂದೆ ನನ್ನದು ಏನೂ ಅಲ್ಲ.

ಗುಡ್ಡದ ಮೇಲೆ

ಸಮಾಧಿಗಳು ಊರಾಚೆ ಸಮುದ್ರ ಕಾಣುವ ದಿಬ್ಬದ ಮೇಲೆ. ಹುಲ್ಲು ಕತ್ತರಿಸಿ, ದಾರಿಗೆ ಜಲ್ಲಿ ಹಾಕಿ, ಯಾರೋ ಈಗ ತಾನೇ ಗುಡಿಸಿ ಹೋದ ಹಾಗಿತ್ತು. ಯಾರ ಕೆಲಸ ಇದು ಎಂದೆ. ಊರಿನ ಮುದುಕರೇ ವಾರಕ್ಕೊಂದು ಸಲ ಬಂದು ಮಾಡುತ್ತಾರಂತೆ, ತಮ್ಮವರದ್ದನ್ನೂ, ಯಾರೂ ಇಲ್ಲದವರದ್ದನ್ನೂ. ಇದೊಂದನ್ನು ನಾವು ಅವರಿಂದ ಕಲಿಯಬೇಕು. ನಮ್ಮಲ್ಲಿ ಮಣ್ಣು ಮಾಡಿದ ಮೇಲೆ ಲಾಂಟಾನ ಬೆಳೆದು, ಯಾವುದು ಯಾರದು ಎಂಬುದು ಮೇಕೆಗಳಿಗೆ ಮಾತ್ರ ಗೊತ್ತು.

ಚಿಕ್ಕತಾಯಮ್ಮನ ಹಳೇ ಕಲ್ಲು ಗಾಳಿಗೆ ಉರುಳಿ ಮುರಿದಿತ್ತಂತೆ. ಮನೆಯವರೆಲ್ಲ ಸೇರಿ ಹೊಸದು ನಿಲ್ಲಿಸಿದ್ದರು. ಕೆಂಪು ಕಲ್ಲುಗಳ ಮಧ್ಯೆ ಅದೊಂದೇ ಕರಿಕಲ್ಲು. ಅಂಗಡಿಯಲ್ಲಿ ನಾಲ್ಕಾರು ಬಣ್ಣ ತೋರಿಸಿದರು, ನಾನು ಇದನ್ನು ಆರಿಸಿದೆ, ಯಾಕೋ ಅವಳದ್ದು ಅನ್ನಿಸಿತು ಎಂದರು ಇಸಬೆಲ್.

ಅಂಗೈ ಆಡಿಸಿದೆ. ಪಾಲಿಶ್ ಚೆನ್ನಾಗಿತ್ತು. ನಮ್ಮ ಕನಕಪುರದ ಕಲ್ಲೇ ಇರಬಹುದು, ಚಾಮರಾಜನಗರದ್ದಿರಬಹುದು, ಬೇರೆ ಎಲ್ಲಿಯದ್ದೋ ಇರಬಹುದು. ಕೈ ಸವರಿ ಊರು ಹೇಳುತ್ತೇನೆ ಎನ್ನುವವನು ಸುಳ್ಳುಗಾರ. ಜೇಬಿನಿಂದ ವಿಭೂತಿ ತೆಗೆದು ಕಲ್ಲಿನ ಹಣೆಗೆ ಮೂರು ಬೆರಳು ಎಳೆದೆ. ಕರಿಕಲ್ಲಿನ ಮೇಲೆ ಅದು ಎಷ್ಟು ಬೆಳ್ಳಗೆ ಕಂಡಿತೆಂದರೆ ಗ್ರೇಮ್ ಟೋಪಿ ತೆಗೆದ. ಇಸಬೆಲ್ ತಮ್ಮ ಹಣೆಯನ್ನೂ ಮುಂದೆ ಮಾಡಿದರು. ಇಟ್ಟೆ.

"ನೀವು ಇಲ್ಲಿಗೆ ಊಟ ತರುತ್ತೀರಾ? ಅವರ ಹೆಸರಿನಲ್ಲಿ?" ಎಂದು ಕೇಳಿದೆ. ಕೇಳಬೇಕಾಗಿದ್ದ ಮಾತು ಅದೇ.

"ಊಟವೇ? ಇಲ್ಲ. ಹೂವು ತರುತ್ತೇವೆ. ಪ್ರತಿ ವರ್ಷ, ತಪ್ಪದೆ."

ತುಂತುರು ಶುರುವಾಯಿತು. ವಿಭೂತಿ ಸಣ್ಣಗೆ ಇಳಿಯತೊಡಗಿತು. ಹೊರಡುವಾಗ ರಾಗಿ ಹಿಟ್ಟಿನ ಕವರನ್ನು ಅವರ ಕೈಗೆ ಕೊಟ್ಟೆ. ಅವರು ಮೂಸಿ ನೋಡಿದರು. ಇದು ಅವಳು ಓಟ್ಸಿನಲ್ಲಿ ಹುಡುಕಿದ್ದು ಎಂದು ಫೋನಿಗೆ ಹೇಳಿದೆ. ಫೋನು ಅದನ್ನು ಹೇಗೆ ಹೇಳಿತೋ ಕಾಣೆ, ಅವರು ಕವರನ್ನು ಕೋಟಿನೊಳಗೆ ಇಟ್ಟುಕೊಂಡರು.

ಮತ್ತೆ ಮರಳವಾಡಿ

ವಿಮಾನದಲ್ಲಿ ನನಗೆ ನಿದ್ದೆ ಬರಲಿಲ್ಲ. ಚಿಕ್ಕತಾಯಮ್ಮ ಸಿಕ್ಕಿದಳು, ಸರಿ. ಆದರೆ ಅವಳಿಗೆ ಗಂಡನಿದ್ದ, ಮಕ್ಕಳಿದ್ದರು, ವರ್ಷಕ್ಕೊಮ್ಮೆ ನೆನೆಯುವವರಿದ್ದಾರೆ. ಅತ್ತೆಯ ನ್ಯಾಯದ ಪ್ರಕಾರ ಅವಳು ಅಲ್ಲಿಯವಳು, ನಾವು ಎಡೆ ಇಕ್ಕುವ ಹಾಗೇ ಇಲ್ಲ. ಮೇಲೆ ಮೀನು ಬೇರೆ. ಒಳ್ಳೇ ಸುದ್ದಿ ತಂದು ನಾನು ಜಗಲಿಯ ಮೇಲಿನ ಎಲೆಯನ್ನೂ ಎತ್ತಿಸುವ ಹಾಗಾಯಿತು. ಅದರ ಹಿಂದೆಯೇ ಅತ್ತೆಯ ಎಲೆಯೂ ನನ್ನ ಕಣ್ಣ ಮುಂದೆ ಬಂತು.

"ಮೀನಿನ್ ಮಾತು ಎತ್ಲೇಬೇಡಿ" ಅಂದಳು ಗೌರಿ. "ವಯಸ್ಸಾದ ಜೀವ. ಮುದ್ದೆ ಕಟ್ತಿದ್ಲು ಅನ್ನೋದಷ್ಟೇ ಹೇಳಿ, ಕುಸಿ ಪಡ್ಲಿ."

ಅತ್ತೆ ಜಗಲಿಯ ಮೇಲೆ ಕಾಲು ಚಾಚಿ ಕೂತು ಎಲ್ಲ ಕೇಳಿದರು. ಪಾದದ ನಡುವೆ ಪಾತ್ರೆ ಹಿಡಿದದ್ದು ಹೇಳಿದಾಗ ತಮ್ಮ ಪಾದ ನೋಡಿಕೊಂಡರು. ಮೊಮ್ಮಗಳು ನುಂಗಿದ್ದನ್ನು ಮಾಡಿ ತೋರಿಸಿದಾಗ ಸೆರಗು ಬಾಯಿಗಿಟ್ಟುಕೊಂಡು ನಕ್ಕರು, ಅತ್ತರು. ಬೋರನೂ ಬಂದು ಮೆಟ್ಟಿಲ ಮೇಲೆ ಕೂತಿದ್ದ.

ಆಮೇಲೆ ಅತ್ತೆ ಕೇಳಿದರು. "ಏನ್ ಇಷ್ಟ ಪಟ್ಟು ಉಣ್ತಿದ್ಲಂತೆ?"

ಗೌರಿ ನನ್ನ ಕಡೆ ನೋಡಿದಳು. ನನಗೆ ಅತ್ತೆಯ ಮುಖ ನೋಡಿ ಸುಳ್ಳು ಹೇಳುವ ಅಭ್ಯಾಸವಿಲ್ಲ. ಬಂದರು, ಕಾಯಿಲೆ, ಸರದಿಯ ಮೇಲೆ ಬಂದ ಹೆಂಗಸರು, ಸಾರು, ಎಲ್ಲ ಹೇಳಿಬಿಟ್ಟೆ.

ಅತ್ತೆ ಚಾಚಿದ್ದ ಕಾಲು ಮಡಿಸಿಕೊಂಡರು.

"ಅಲ್ಲಿ ಎಡೆ ಇಕ್ತಾರಾ ಅವಳ್ಗೆ?"

"ಹೂವಿಕ್ತಾರೆ ಅತ್ತೆ. ವರ್ಷವರ್ಷ. ಊಟ ಇಕ್ಕೋ ಪದ್ಧತಿ ಅವ್ರಲ್ಲಿಲ್ಲ."

"ಹೂವ ತಿಂದ್ರೆ ಹೊಟ್ಟೆ ತುಂಬ್ತದೇನ್ಲಾ?" ಅತ್ತೆಯ ದನಿ ಏರಿತು. "ಒಳ್ಳೇ ಜನ, ನೆನೀತಾರೆ, ಪುಣ್ಯ ಬರ್ಲಿ. ಆದ್ರೆ ಅಷ್ಟು ವರ್ಸದಿಂದ ಹಸ್ಕಂಡವ್ಳೆ ಅವಳು. ಮಕ್ಳಿದ್ರೇನು? ಉಣ್ಣಕ್ಕಿಕ್ಕೋರು ನಾವೇ. ಒಳಗಿಕ್ತೀನಿ."

"ಮೀನು ಅತ್ತೆ..." ಅಂದಳು ಗೌರಿ, ತಡೆಯಲಾರದೆ. "ಇಷ್ಟವಾದ್ದನ್ನೇ ಇಕ್ಬೇಕಲ್ವಾ?"

"ಆ ಮೀನು ಅವಳ ಜೀವ ಉಳ್ಸೈತೆ. ಇಕ್ದೆ ಇರಾಕಾಯ್ತದಾ?" ಅತ್ತೆ ಮೆಟ್ಟಿಲ ಕಡೆ ತಿರುಗಿದರು. "ಏ ಬೋರ, ನಿಮ್ಮನೇಲಿ ಕೆರೆ ಮೀನು ಸಾರು ಮಾಡ್ತಾಳಲ್ಲ ನಿನ್ನೆಂಡ್ರು, ಚಂದಾಗ್ ಮಾಡ್ತಾಳಾ?"

ಬೋರ ಎದ್ದು ನಿಂತ. "ಊರಿಗೆಲ್ಲ ವಾಸ್ನೆ ಹೊಡೀತದೆ ಸಾಕಮ್ಮತ್ತೆ."

"ನಮ್ಗೆ ಹೊಡೀದೇ ಇರ್ತದಾ, ಗೊತ್ತು. ಹಬ್ಬಕ್ಕೆ ಒಂದು ಬಟ್ಲು ತಂದ್ಕೊಡು. ಮೀನು ಜಗಲಿ ಮೇಲೆ. ಪಕ್ದಲ್ಲಿ ಒಂದು ಚೊಂಬು ನೀರು. ಉಂಡು, ಬಾಯಿ ತೊಳ್ಕಂಡು, ಒಳಗೆ ಬತ್ತಾಳೆ. ಅಷ್ಟೂ ತಿಳುವಳ್ಕೆ ಇಲ್ವಾ ಅವಳ್ಗೆ? ನಮ್ಮನೆ ಹೆಣ್ಣು."

ಪಕ್ಷದ ಹಬ್ಬದ ದಿನ ಅತ್ತೆ ನಡುಮನೆಯಲ್ಲಿ ಎಲೆ ಹಾಸಿದರು. ಮುತ್ತಜ್ಜನ ಎಲೆಯ ಪಕ್ಕ ಅವನ ತಂಗಿಯದು. ಅದರ ಮೇಲೆ ಮುದ್ದೆ, ಹುರುಳಿಕಾಳಿನ ಸಾರು, ಬೆಲ್ಲ. ಅದರಾಚೆ ಒಂದು ಎಲೆ ಹಿಡಿಯುವಷ್ಟು ಜಾಗ ಖಾಲಿ ಬಿಟ್ಟು, ಆಮೇಲೆ ಉಳಿದವರ ಎಲೆಗಳು. ಅಲ್ಲಿ ಯಾಕೆ ಬಿಟ್ಟಿದ್ದು ಎಂದು ಗೌರಿ ಕೇಳಿದಳು. "ಇರ್ಲಿ ಬುಡು, ಆಮೇಕೆ ಬೇಕಾಯ್ತದೆ" ಅಂದರು ಅತ್ತೆ, ಆ ಜಾಗದ ನೆಲವನ್ನು ಅಂಗೈಯಿಂದ ಒರೆಸುತ್ತಾ.

ಬಾಗಿಲು ಎಳೆದುಕೊಂಡು ಹೊರಗೆ ಬಂದೆವು. ಬೋರ ಬಟ್ಟಲು ತಂದು ದೂರದಿಂದಲೇ ಕೈ ಚಾಚಿದ. ಅತ್ತೆ ಮೂಗಿಗೆ ಸೆರಗು ಹಿಡಿದುಕೊಂಡು ತಾವೇ ಅದನ್ನು ಇಸಿದುಕೊಂಡು ಮೂಲೆಯಲ್ಲಿಟ್ಟರು. ಪಕ್ಕದಲ್ಲಿ ತುಂಬಿದ ಚೊಂಬು. ನಾವೆಲ್ಲ ಬೇಲಿಯ ಹತ್ತಿರ ಹೋಗಿ, ಉಣ್ಣುವವರನ್ನು ನೋಡಬಾರದು ಎಂದು ಬೀದಿಯ ಕಡೆ ಮುಖ ಮಾಡಿ ನಿಂತೆವು. ಚೊಂಬು ಕಲ್ಲಿಗೆ ತಾಗಿದ ಸದ್ದಾಯಿತು. ಯಾರೂ ತಿರುಗಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಅತ್ತೆ ಜಗಲಿಯ ಹತ್ತಿರ ಹೋದರು. ಕಾಗೆಯೋ ಬೆಕ್ಕೋ, ಬಟ್ಟಲು ಬರಿದಾಗಿತ್ತು. ಚೊಂಬು ಮಗುಚಿ, ಜಗಲಿಯ ಕಲ್ಲು ಬಾಗಿಲ ತನಕ ಒದ್ದೆಯಾಗಿತ್ತು.

"ತೊಳ್ಕಂಡವ್ಳೆ" ಅಂದರು ಅತ್ತೆ. "ಬಾಗ್ಲು ತಗಿ ಮಾದೇವ."

ತೆಗೆದೆ.